ಅಭ್ಯರ್ಥಿಯ ಕಾರ್ಯಸಾಧನೆಯೇ ಅಳತೆಗೋಲು: 1980ರ ಅಮೆರಿಕದ ಚುನಾವಣೆ ವರ್ತಕರಿಗೆ ಕಲಿಸುವ ಪಾಠ

ಚುನಾವಣೆ ಸಮೀಪಿಸಿದಾಗ ವಾಣಿಜ್ಯ ವಲಯದಲ್ಲಿ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳು ಎರಡು. ಯಾರು ಗೆದ್ದರೆ ತೆರಿಗೆಯ ಹೊರೆ ಇಳಿಯುತ್ತದೆ? ಯಾರು ಗೆದ್ದರೆ ಇಂಧನ ಅಗ್ಗವಾಗುತ್ತದೆ? ವ್ಯಾಪಾರ ಮಾಡುವವರು ಈ ಪ್ರಶ್ನೆಗಳನ್ನು ಕೇಳುವುದು ಸಹಜ. ಆದರೆ ಇವೆರಡೇ ಅಂತಿಮ ಮಾನದಂಡಗಳಾದರೆ ಒಂದು ದೇಶದ ಉದ್ಯಮಕ್ಕೆ ದೀರ್ಘಕಾಲ ಆಧಾರವಾಗಬಲ್ಲ ಸುಧಾರಣೆಗಳನ್ನು ಮಾಡಿದ ವ್ಯಕ್ತಿಯನ್ನೇ ವರ್ತಕ ಸಮುದಾಯ ತಿರಸ್ಕರಿಸುವ ಸಂಭವವಿರುತ್ತದೆ. 1980ರ ನವೆಂಬರ್ 4ರಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಡೆದದ್ದು ಬಹುಮಟ್ಟಿಗೆ ಇದೇ.

ಅಂದು ಅಧ್ಯಕ್ಷ ಪದವಿಯಲ್ಲಿದ್ದು ಮರುಆಯ್ಕೆ ಬಯಸಿದ್ದ ಡೆಮಾಕ್ರಟಿಕ್ ಪಕ್ಷದ ಜಿಮ್ಮಿ ಕಾರ್ಟರ್ ಅವರು ರಿಪಬ್ಲಿಕನ್ ಪಕ್ಷದ ರೊನಾಲ್ಡ್ ರೇಗನ್ ಅವರೆದುರು 489ಕ್ಕೆ 49 ಚುನಾಯಕ ಮತಗಳ ಅಂತರದಿಂದ ಪರಾಭವಗೊಂಡರು. ಟೆಹರಾನಿನಲ್ಲಿ ಸೆರೆಯಾಗಿದ್ದ ರಾಜತಾಂತ್ರಿಕ ಸಿಬ್ಬಂದಿ, ಶೇಕಡ 13ನ್ನು ಮೀರಿದ್ದ ಹಣದುಬ್ಬರ, ಹಿಂದಿನ ವರ್ಷದ ಪೆಟ್ರೋಲ್ ಬಂಕುಗಳ ಸಾಲುಗಳು – ಇವೆಲ್ಲ ಮತದಾರರ ಮನಸ್ಸಿನಲ್ಲಿದ್ದವು. 2024ರ ಡಿಸೆಂಬರ್ 29ರಂದು ತಮ್ಮ ನೂರನೆಯ ವಯಸ್ಸಿನಲ್ಲಿ ಕಾರ್ಟರ್ ನಿಧನರಾದಾಗ ಪ್ರಪಂಚ ಅವರನ್ನು ಹೆಚ್ಚಾಗಿ ಸ್ಮರಿಸಿದ್ದು ಪದವಿ ತೊರೆದ ನಂತರದ ಲೋಕಸೇವೆಗಾಗಿ. ಆದರೆ ಇಂಧನ ನೀತಿ ಹಾಗೂ ಸಾರ್ವಜನಿಕ ಜೀವನದ ಶುದ್ಧಿ, ಈ ಎರಡು ಕ್ಷೇತ್ರಗಳಲ್ಲಿ ಅವರ ನಾಲ್ಕು ವರ್ಷಗಳ ಕಾರ್ಯಸಾಧನೆಯನ್ನು ಲೆಕ್ಕಪತ್ರದಂತೆ ಕೂಡಿ ಕಳೆದು ನೋಡಿದರೆ, 1980ರಲ್ಲಿ ವಾಣಿಜ್ಯ ಸಮುದಾಯದ ಬೆಂಬಲಕ್ಕೆ ಅವರೇ ಹೆಚ್ಚು ಅರ್ಹರಾಗಿದ್ದರು ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ.

ವರ್ತಕನೇ ಆಗಿದ್ದ ಅಭ್ಯರ್ಥಿ

ಕಾರ್ಟರ್ ವ್ಯಾಪಾರವನ್ನು ಪುಸ್ತಕದಿಂದ ತಿಳಿದವರಲ್ಲ. ನೌಕಾಪಡೆಯಲ್ಲಿ ಅಣುಶಕ್ತಿಚಾಲಿತ ಜಲಾಂತರ್ಗಾಮಿ ಯೋಜನೆಯಲ್ಲಿ ಅಧಿಕಾರಿಯಾಗಿದ್ದ ಅವರು ತಂದೆಯ ನಿಧನಾನಂತರ 1953ರಲ್ಲಿ ಜಾರ್ಜಿಯ ರಾಜ್ಯದ ಪ್ಲೇನ್ಸ್ ಎಂಬ ಸಣ್ಣ ಊರಿಗೆ ಹಿಂದಿರುಗಿ ಕಡಲೆಕಾಯಿ ಬೇಸಾಯ, ಬಿತ್ತನೆ ಬೀಜ ಮತ್ತು ಉಗ್ರಾಣದ ವ್ಯವಹಾರವನ್ನು ಕೈಗೆತ್ತಿಕೊಂಡರು. ಮಳೆ ಕೈಕೊಟ್ಟ ವರ್ಷದಲ್ಲಿ ಸಾಲಗಾರ ರೈತನಿಂದ ವಸೂಲಿ ಮಾಡುವುದು ಎಷ್ಟು ಕಷ್ಟವೆಂಬುದನ್ನು ಅವರು ಬಲ್ಲವರಾಗಿದ್ದರು. 1971ರಿಂದ 1975ರವರೆಗೆ ಜಾರ್ಜಿಯದ ಗವರ್ನರ್ ಆಗಿದ್ದಾಗ ಸುಮಾರು 300 ಸರ್ಕಾರಿ ಘಟಕಗಳನ್ನು 22 ಇಲಾಖೆಗಳಾಗಿ ಒಗ್ಗೂಡಿಸಿ ಆಡಳಿತವನ್ನು ಸರಳಗೊಳಿಸಿದರು.

ವಾಟರ್‌ಗೇಟ್ ಹಗರಣದ ಕಹಿ ಇನ್ನೂ ಆರದಿದ್ದ 1976ರಲ್ಲಿ ಅವರು ಅಧ್ಯಕ್ಷರಾಗಿ ಆಯ್ಕೆಯಾದರು. ಪದವಿ ಸ್ವೀಕರಿಸುವಾಗ ತಮ್ಮ ಉಗ್ರಾಣದ ವ್ಯವಹಾರವನ್ನು ನ್ಯಾಸದಾರರೊಬ್ಬರ ಕೈಗೊಪ್ಪಿಸಿ, ಅದರ ದೈನಂದಿನ ವಹಿವಾಟಿನಿಂದ ದೂರ ಸರಿದರು. 1981ರಲ್ಲಿ ಊರಿಗೆ ಮರಳಿದಾಗ ಆ ವ್ಯವಹಾರ ಸುಮಾರು ಹತ್ತು ಲಕ್ಷ ಡಾಲರ್ ಸಾಲದಲ್ಲಿ ಮುಳುಗಿತ್ತು. ಅಧಿಕಾರದಿಂದ ಸ್ವಂತ ವ್ಯಾಪಾರಕ್ಕೆ ಲಾಭವಾಗುವ ಕಥೆಗಳೇ ಹೆಚ್ಚಾಗಿರುವ ಪ್ರಪಂಚದಲ್ಲಿ ಇದು ಅಪರೂಪದ ಸಂಗತಿ.

ಬೆಲೆ ನಿಯಂತ್ರಣವೇ ಕೊರತೆಗೆ ಕಾರಣ

1977ರ ಜನವರಿಯಲ್ಲಿ ಕಾರ್ಟರ್ ಅಧಿಕಾರ ವಹಿಸಿಕೊಂಡಾಗ ಅಮೆರಿಕದ ಪೂರ್ವ ಹಾಗೂ ಮಧ್ಯಪಶ್ಚಿಮ ಪ್ರಾಂತ್ಯಗಳು ಭೀಕರ ಚಳಿಯಲ್ಲಿ ತತ್ತರಿಸುತ್ತಿದ್ದವು. ನೈಸರ್ಗಿಕ ಅನಿಲ ದೊರೆಯದೆ ಕಾರ್ಖಾನೆಗಳು, ಶಾಲೆಗಳು ಮುಚ್ಚಿದವು. ಲಕ್ಷಾಂತರ ಕಾರ್ಮಿಕರು ಕೆಲಸವಿಲ್ಲದೆ ಕುಳಿತರು. ವಿಚಿತ್ರವೆಂದರೆ ಅದೇ ವೇಳೆಯಲ್ಲಿ ಟೆಕ್ಸಾಸ್ ಮತ್ತು ಲೂಸಿಯಾನ ರಾಜ್ಯಗಳಲ್ಲಿ ಅನಿಲಕ್ಕೆ ಕೊರತೆ ಇರಲಿಲ್ಲ.

ಇದರ ಮೂಲ 1954ರ ಸುಪ್ರೀಂ ಕೋರ್ಟ್ ತೀರ್ಪೊಂದರಲ್ಲಿತ್ತು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮಾರಾಟವಾಗುವ ಅನಿಲಕ್ಕೆ ಬಾವಿಯ ಬಾಯಲ್ಲೇ ದರ ನಿಗದಿಪಡಿಸುವ ಹೊಣೆ ಆ ತೀರ್ಪಿನಿಂದ ಕೇಂದ್ರ ಸರ್ಕಾರದ ಮೇಲೆ ಬಿದ್ದಿತು. ರಾಜ್ಯದ ಗಡಿಯೊಳಗಿನ ಮಾರಾಟಕ್ಕೆ ಅಂಥ ನಿರ್ಬಂಧವಿರಲಿಲ್ಲ. ಆದ್ದರಿಂದ ಉತ್ಪಾದಕರು ಅನಿಲವನ್ನು ತಮ್ಮ ರಾಜ್ಯದೊಳಗೇ ಹೆಚ್ಚಿನ ದರಕ್ಕೆ ಮಾರತೊಡಗಿದರು. ದೂರದ ರಾಜ್ಯಗಳ ಕೊಳವೆಗಳು ಬರಿದಾದವು. ಅಗ್ಗದ ದರ ಕಾಗದದ ಮೇಲೆ ಉಳಿಯಿತು, ಸರಕು ಮಾತ್ರ ಸಿಗದಾಯಿತು.

ಕಚ್ಚಾತೈಲದ ಸ್ಥಿತಿ ಇದಕ್ಕಿಂತ ಉತ್ತಮವಾಗಿರಲಿಲ್ಲ. 1971ರಿಂದ ಒಂದಲ್ಲ ಒಂದು ರೂಪದಲ್ಲಿ ಜಾರಿಯಲ್ಲಿದ್ದ ಬೆಲೆ ನಿಯಂತ್ರಣದಿಂದಾಗಿ ದೇಶೀಯ ತೈಲದ ದರ ಅಂತರರಾಷ್ಟ್ರೀಯ ದರಕ್ಕಿಂತ ಕೆಳಗಿತ್ತು. ಅಗ್ಗದ ದೇಶೀಯ ತೈಲ ದೊರೆತ ಸಂಸ್ಕರಣಾಗಾರಗಳಿಂದ ಹಣ ಪಡೆದು, ದುಬಾರಿ ಆಮದು ತೈಲ ಬಳಸುವವರಿಗೆ ಹಂಚುವ ವ್ಯವಸ್ಥೆಯೊಂದಿತ್ತು. ಅದರ ಪರಿಣಾಮವಾಗಿ ದೇಶೀಯ ಉತ್ಪಾದಕನಿಗೆ ದಂಡವೂ ವಿದೇಶಿ ತೈಲಕ್ಕೆ ಪ್ರೋತ್ಸಾಹವೂ ಏಕಕಾಲದಲ್ಲಿ ದೊರೆತಂತಾಯಿತು. 1973ರ ತೈಲ ನಿರ್ಬಂಧದ ಪಾಠ ಕಣ್ಣೆದುರಿಗಿದ್ದರೂ 1977ರ ವೇಳೆಗೆ ಅಮೆರಿಕದ ನಿವ್ವಳ ತೈಲ ಆಮದು ದಿನಕ್ಕೆ 85 ಲಕ್ಷ ಬ್ಯಾರೆಲ್ ಮೀರಿತ್ತು.

ಜನಪ್ರಿಯವಲ್ಲದ ನಿರ್ಧಾರಗಳು

1977ರ ಏಪ್ರಿಲ್‌ನಲ್ಲಿ, ಅಧಿಕಾರಕ್ಕೆ ಬಂದು ಮೂರು ತಿಂಗಳು ತುಂಬುವ ಮೊದಲೇ, ಕಾರ್ಟರ್ ಸಮಗ್ರ ಇಂಧನ ಯೋಜನೆಯನ್ನು ದೇಶದ ಮುಂದಿಟ್ಟರು. ಅದೇ ವರ್ಷದ ಆಗಸ್ಟ್ 4ರಂದು ಇಂಧನ ಇಲಾಖೆಯ ಸ್ಥಾಪನೆಗೆ ಅಂಕಿತ ಹಾಕಿದರು. ಅಲ್ಲಿಯವರೆಗೆ ಹಲವು ಕಚೇರಿಗಳಲ್ಲಿ ಹರಿದು ಹಂಚಿಹೋಗಿದ್ದ ಜವಾಬ್ದಾರಿ ಒಂದೇ ಸೂರಿನಡಿ ಬಂದಿತು. ಹಳೆಯ ವಿದ್ಯುತ್ ಆಯೋಗದ ಸ್ಥಾನದಲ್ಲಿ ಫೆಡರಲ್ ಇಂಧನ ನಿಯಂತ್ರಣ ಆಯೋಗ ರೂಪುಗೊಂಡಿತು.

ಯೋಜನೆ ಶಾಸನವಾಗಲು ಒಂದೂವರೆ ವರ್ಷ ಹಿಡಿಯಿತು. ತೈಲೋತ್ಪಾದಕ ರಾಜ್ಯಗಳ ಪ್ರತಿನಿಧಿಗಳಿಗೆ ಅದು ಸಾಲದು. ಬಳಕೆದಾರ ರಾಜ್ಯಗಳವರಿಗೆ ಅದು ಅತಿಯಾಯಿತು. ಕೊನೆಗೆ 1978ರ ನವೆಂಬರ್ 9ರಂದು ಐದು ಕಾಯ್ದೆಗಳ ಗುಚ್ಛಕ್ಕೆ ಅಂಕಿತ ಬಿದ್ದಿತು. ಅವುಗಳಲ್ಲಿ ಅನಿಲ ನೀತಿ ಕಾಯ್ದೆ, ರಾಜ್ಯದೊಳಗಿನ ಮತ್ತು ಹೊರಗಿನ ಮಾರುಕಟ್ಟೆಗಳ ನಡುವಣ ಗೋಡೆಯನ್ನು ಕೆಡವಿ, ಹೊಸದಾಗಿ ದೊರೆಯುವ ಅನಿಲದ ದರವನ್ನು 1985ರ ವೇಳೆಗೆ ಹಂತಹಂತವಾಗಿ ಮುಕ್ತಗೊಳಿಸುವ ದಾರಿಯನ್ನು ತೆರೆಯಿತು.

ಅದೇ ಗುಚ್ಛದ ಸಾರ್ವಜನಿಕ ವಿದ್ಯುತ್ ಸಂಸ್ಥೆಗಳ ನಿಯಂತ್ರಣ ನೀತಿ ಕಾಯ್ದೆ ಅಂದು ಯಾರ ಗಮನವನ್ನೂ ಅಷ್ಟಾಗಿ ಸೆಳೆಯಲಿಲ್ಲ. ಆದರೆ ಉದ್ಯಮದ ದೃಷ್ಟಿಯಿಂದ ಅದರಷ್ಟು ದೂರಗಾಮಿ ಪರಿಣಾಮದ ಅಂಶ ಮತ್ತೊಂದಿರಲಿಲ್ಲ. 80 ಮೆಗಾವ್ಯಾಟ್ ಮೀರದ, ನವೀಕರಿಸಬಹುದಾದ ಮೂಲಗಳನ್ನು ಬಳಸುವ ಸಣ್ಣ ಉತ್ಪಾದಕರಿಂದಲೂ, ಶಾಖ ಮತ್ತು ವಿದ್ಯುತ್ತನ್ನು ಒಟ್ಟಿಗೆ ಉತ್ಪಾದಿಸುವ ಕಾರ್ಖಾನೆಗಳಿಂದಲೂ ವಿದ್ಯುತ್ ಕಂಪೆನಿಗಳು ಕಡ್ಡಾಯವಾಗಿ ಖರೀದಿ ಮಾಡಬೇಕೆಂದು ಅದು ವಿಧಿಸಿತು. ಆ ವಿದ್ಯುತ್ತನ್ನು ತಾವೇ ಉತ್ಪಾದಿಸಿದ್ದರೆ ಅಥವಾ ಬೇರೆಡೆ ಕೊಂಡಿದ್ದರೆ ತಗಲುತ್ತಿದ್ದ ವೆಚ್ಚವನ್ನು ಕಂಪೆನಿಗಳು ಇವರಿಗೆ ಪಾವತಿಸಬೇಕಿತ್ತು. ವಿದ್ಯುತ್ ಉತ್ಪಾದನೆ ಏಕಸ್ವಾಮ್ಯ ಕಂಪೆನಿಗಳ ಜಹಗೀರು ಎಂಬ ನಂಬಿಕೆ ಇದರಿಂದ ಸಡಿಲಗೊಂಡಿತು. ಕಾಯ್ದೆಯ ಸಿಂಧುತ್ವವನ್ನು ಪ್ರಶ್ನಿಸಿದ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ, 1982ರಲ್ಲಿ ಕಾಯ್ದೆಯ ಪರವಾಗಿಯೇ ತೀರ್ಮಾನವಾಯಿತು. ಕ್ಯಾಲಿಫೋರ್ನಿಯದಲ್ಲಿ 1980ರ ದಶಕದಲ್ಲಿ ತಲೆಯೆತ್ತಿದ ಗಾಳಿ ವಿದ್ಯುತ್ ಉದ್ಯಮಕ್ಕೆ ತೆರಿಗೆ ರಿಯಾಯಿತಿಗಳ ಜೊತೆಗೆ ಈ ಕಾಯ್ದೆಯೇ ಬುನಾದಿ.

ಮೂರನೆಯ ನಿರ್ಧಾರ ರಾಜಕೀಯವಾಗಿ ಅತ್ಯಂತ ದುಬಾರಿಯಾದದ್ದು. ಇರಾನಿನ ಕ್ರಾಂತಿಯಿಂದ ತೈಲದ ದರ ಏರುತ್ತಿದ್ದ 1979ರ ಏಪ್ರಿಲ್‌ನಲ್ಲಿ ಕಾರ್ಟರ್ ದೇಶೀಯ ಕಚ್ಚಾತೈಲದ ಬೆಲೆ ನಿಯಂತ್ರಣವನ್ನು ಜೂನ್ ತಿಂಗಳಿಂದ ಆರಂಭಿಸಿ 1981ರ ಸೆಪ್ಟೆಂಬರ್ ವೇಳೆಗೆ ಸಂಪೂರ್ಣವಾಗಿ ತೆಗೆಯುವುದಾಗಿ ಘೋಷಿಸಿದರು. ಚುನಾವಣೆಗೆ ಕೇವಲ ಹತ್ತೊಂಬತ್ತು ತಿಂಗಳು ಬಾಕಿ ಇರುವಾಗ, ಪೆಟ್ರೋಲ್ ದರ ಹೆಚ್ಚುವುದು ಖಚಿತವೆಂದು ತಿಳಿದೂ ಕೈಗೊಂಡ ತೀರ್ಮಾನವಿದು. ಸ್ವಪಕ್ಷದ ಸೆನೆಟರ್ ಎಡ್ವರ್ಡ್ ಕೆನಡಿಯವರೇ ಇದನ್ನು ಉಗ್ರವಾಗಿ ವಿರೋಧಿಸಿ, ಮುಂದೆ ಅಭ್ಯರ್ಥಿತನಕ್ಕಾಗಿ ಅವರೆದುರು ಸ್ಪರ್ಧೆಗಿಳಿದರು. ಗಾಳಿ ಬಂದಾಗ ತೂರಿಕೊಳ್ಳುವ ರಾಜಕಾರಣಿಗೆ ಇಂಥ ನಿರ್ಧಾರ ಸಾಧ್ಯವಿರಲಿಲ್ಲ.

ಬೇಲಿಯೇ ಹೊಲ ಮೇಯದಂತೆ

ನೀತಿ ಸುಧಾರಣೆಯ ಕ್ಷೇತ್ರದಲ್ಲಿ ಕಾರ್ಟರ್ ಅವಧಿಯ ಹನ್ನೊಂದು ತಿಂಗಳೊಳಗೆ ಅಂಕಿತಗೊಂಡ ನಾಲ್ಕು ಶಾಸನಗಳನ್ನು ಒಟ್ಟಿಗೆ ಇರಿಸಿ ನೋಡಬೇಕು.

ಮೊದಲನೆಯದು 1977ರ ಡಿಸೆಂಬರ್ 19ರಂದು ಅಂಕಿತಗೊಂಡ ವಿದೇಶಿ ಭ್ರಷ್ಟ ವ್ಯವಹಾರ ತಡೆ ಕಾಯ್ದೆ. ಇದಕ್ಕೂ ಹಿಂದಿನ ವರ್ಷಗಳಲ್ಲಿ ಷೇರುಪೇಟೆ ನಿಯಂತ್ರಣ ಆಯೋಗ ನಡೆಸಿದ ವಿಚಾರಣೆಯಲ್ಲಿ 400ಕ್ಕೂ ಹೆಚ್ಚು ಅಮೆರಿಕನ್ ಕಂಪೆನಿಗಳು ಸಂಶಯಾಸ್ಪದ ಅಥವಾ ಕಾನೂನುಬಾಹಿರ ಪಾವತಿಗಳನ್ನು ಒಪ್ಪಿಕೊಂಡಿದ್ದವು. ಮೊತ್ತ 30 ಕೋಟಿ ಡಾಲರ್ ಮೀರಿತ್ತು. ಲಾಕ್‌ಹೀಡ್ ವಿಮಾನ ಕಂಪೆನಿಯ ಲಂಚ ಪ್ರಕರಣದಲ್ಲಿ ಜಪಾನಿನ ಮಾಜಿ ಪ್ರಧಾನಿ ಕಾಕುಯೆಯಿ ತನಾಕಾ 1976ರಲ್ಲಿ ಬಂಧನಕ್ಕೊಳಗಾಗಿದ್ದರು. ಹೊಸ ಕಾಯ್ದೆ ವಿದೇಶಿ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ಅಪರಾಧವೆಂದು ಸಾರಿತು. ಅಷ್ಟೇ ಮುಖ್ಯವಾಗಿ, ಷೇರುಪೇಟೆಯಲ್ಲಿ ನೋಂದಾಯಿತ ಕಂಪೆನಿಗಳು ಲೆಕ್ಕಪತ್ರಗಳನ್ನು ಯಥಾರ್ಥವಾಗಿ ಇಡಬೇಕು, ಆಂತರಿಕ ಲೆಕ್ಕ ನಿಯಂತ್ರಣವನ್ನು ಪಾಲಿಸಬೇಕು ಎಂದು ವಿಧಿಸಿತು. ಲಂಚ ಕಿರ್ದಿ ಪುಸ್ತಕದಲ್ಲಿ ಬೇರೆ ಹೆಸರು ಹೊತ್ತು ಕುಳಿತಿರುತ್ತದೆ ಎಂಬ ವ್ಯಾವಹಾರಿಕ ಸತ್ಯವನ್ನು ಶಾಸನ ರಚಿಸಿದವರು ಅರಿತಿದ್ದರು.

ಎರಡನೆಯದು 1978ರ ಅಕ್ಟೋಬರ್ 12ರ ಇನ್‌ಸ್ಪೆಕ್ಟರ್ ಜನರಲ್ ಕಾಯ್ದೆ. ಹನ್ನೆರಡು ಇಲಾಖೆ ಹಾಗೂ ಸಂಸ್ಥೆಗಳಲ್ಲಿ ದುಂದುವೆಚ್ಚ ಮತ್ತು ವಂಚನೆಯನ್ನು ತನಿಖೆ ಮಾಡಿ ಶಾಸನಸಭೆಗೂ ವರದಿ ಒಪ್ಪಿಸುವ ಅಧಿಕಾರಿಗಳನ್ನು ಇದು ನೆಲೆಗೊಳಿಸಿತು. ಮರುದಿನವೇ ಅಂಕಿತಗೊಂಡ ನಾಗರಿಕ ಸೇವಾ ಸುಧಾರಣಾ ಕಾಯ್ದೆ ಅಕ್ರಮಗಳನ್ನು ಬಯಲಿಗೆಳೆಯುವ ನೌಕರರಿಗೆ ರಕ್ಷಣೆ ನೀಡಿತು. ನಾಲ್ಕನೆಯದಾಗಿ ಅಕ್ಟೋಬರ್ 26ರ ಸರ್ಕಾರಿ ನೀತಿ ಕಾಯ್ದೆ ಆಡಳಿತಾಂಗ, ಶಾಸಕಾಂಗ, ನ್ಯಾಯಾಂಗ ಮೂರರ ಉನ್ನತಾಧಿಕಾರಿಗಳೂ ತಮ್ಮ ಆಸ್ತಿ ಮತ್ತು ಆದಾಯದ ವಿವರವನ್ನು ಬಹಿರಂಗಪಡಿಸಬೇಕೆಂದು ಕಡ್ಡಾಯ ಮಾಡಿತು. ಹುದ್ದೆ ಬಿಟ್ಟ ಅಧಿಕಾರಿ ತಕ್ಷಣವೇ ಹಳೆಯ ಕಚೇರಿಯ ಬಾಗಿಲಿಗೆ ಖಾಸಗಿ ಕಂಪೆನಿಯ ವಕಾಲತ್ತು ಹಿಡಿದು ಬರುವುದನ್ನು ನಿರ್ಬಂಧಿಸಿತು. ಸರ್ಕಾರಿ ನೀತಿ ಕಚೇರಿಯನ್ನು ಸ್ಥಾಪಿಸಿತು.

ಪ್ರಾಮಾಣಿಕ ವರ್ತಕನಿಗೆ ಇವು ಏಕೆ ಮುಖ್ಯ? ಗುತ್ತಿಗೆ ಗುಣಮಟ್ಟದ ಮೇಲೆ ದೊರೆಯುವುದೋ ಪ್ರಭಾವದ ಮೇಲೆ ದೊರೆಯುವುದೋ ಎಂಬುದು ಸಣ್ಣ ಉದ್ಯಮಕ್ಕೆ ಅಳಿವು ಉಳಿವಿನ ಪ್ರಶ್ನೆ. ದೊಡ್ಡ ಸಂಸ್ಥೆ ಪ್ರಭಾವವನ್ನು ಕೊಳ್ಳಬಲ್ಲದು; ಸಣ್ಣ ಉದ್ಯಮಿಗೆ ಕಾನೂನೇ ಬಂಡವಾಳ. ನೀತಿ ಸುಧಾರಣೆ ವ್ಯಾಪಾರಕ್ಕೆ ಹೊರಗಿನಿಂದ ಹೇರಿದ ಉಪದೇಶವಲ್ಲ. ಸ್ಪರ್ಧೆ ನ್ಯಾಯವಾಗಿರುವಂತೆ ನೋಡಿಕೊಳ್ಳುವ ತಕ್ಕಡಿ.

ಎದುರು ವಾದಗಳ ತೂಕ

ಕಾರ್ಟರ್ ವಿರುದ್ಧದ ಆಕ್ಷೇಪಣೆಗಳು ಹುಸಿಯಲ್ಲ. ಅವುಗಳನ್ನು ಮುಚ್ಚಿಟ್ಟು ಮಾಡುವ ಸಮರ್ಥನೆ ಒಂದೇ ಬದಿಯನ್ನು ತೋರಿಸುವ ಅಢಾವೆ ಪತ್ರಿಕೆಯಂತಾಗುತ್ತದೆ.

ಮೊದಲಿಗೆ ನೀತಿಯ ವಿಷಯ. ಅವರ ಆಪ್ತರೂ ಆಯವ್ಯಯ ಕಚೇರಿಯ ನಿರ್ದೇಶಕರೂ ಆಗಿದ್ದ ಬರ್ಟ್ ಲ್ಯಾನ್ಸ್ ತಮ್ಮ ಹಿಂದಿನ ಬ್ಯಾಂಕ್ ವ್ಯವಹಾರಗಳ ಕುರಿತ ಆರೋಪಗಳಿಂದಾಗಿ 1977ರ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. 1980ರ ವಿಚಾರಣೆಯಲ್ಲಿ ಲ್ಯಾನ್ಸ್ ಅವರಿಗೆ ಶಿಕ್ಷೆಯಾಗಲಿಲ್ಲ. ಆದರೂ ಅವರನ್ನು ಅಷ್ಟು ದಿನ ಸಮರ್ಥಿಸಿಕೊಂಡದ್ದು ಕಾರ್ಟರ್ ಅವರ ತಪ್ಪು. ಸಹೋದರ ಬಿಲ್ಲಿ ಕಾರ್ಟರ್ ಲಿಬಿಯ ಸರ್ಕಾರದಿಂದ 2,20,000 ಡಾಲರ್ ಪಡೆದ ವಿಷಯ 1980ರಲ್ಲಿ ಹೊರಬಿದ್ದು ಮುಜುಗರ ತಂದಿತು. ಆದರೆ ಇನ್ನೊಂದು ಬದಿಯೂ ಇದೆ. ಕುಟುಂಬದ ಉಗ್ರಾಣಕ್ಕೆ ಸಂದ ಸಾಲಗಳ ಬಗ್ಗೆ ಅವರದೇ ಸರ್ಕಾರದ ನ್ಯಾಯ ಇಲಾಖೆ 1979ರಲ್ಲಿ ವಿಶೇಷ ವಕೀಲರನ್ನು ನೇಮಿಸಿ ವಿಚಾರಣೆ ನಡೆಸಿತು. ಕಾರ್ಟರ್ ಪ್ರಮಾಣ ಮಾಡಿ ಸಾಕ್ಷ್ಯ ನುಡಿದರು. ಅಪರಾಧವೇನೂ ಕಂಡುಬರಲಿಲ್ಲ. ತಾನು ಮಾಡಿದ ಅಳತೆಗೆ ತಾನೂ ಒಳಪಡುವುದೇ ಸುಧಾರಕನ ಪರೀಕ್ಷೆ.

ಇಂಧನ ನೀತಿಯಲ್ಲಿಯೂ ದೋಷಗಳಿದ್ದವು. ಹೊಸ ವಿದ್ಯುತ್ ಸ್ಥಾವರಗಳಲ್ಲಿ ನೈಸರ್ಗಿಕ ಅನಿಲ ಬಳಸಬಾರದೆಂಬ 1978ರ ನಿಷೇಧ ತಪ್ಪು ಅಂದಾಜಿನ ಫಲ; 1987ರಲ್ಲಿ ಅದನ್ನು ರದ್ದುಪಡಿಸಬೇಕಾಯಿತು. ಕಲ್ಲಿದ್ದಲಿನಿಂದ ಕೃತಕ ಇಂಧನ ತಯಾರಿಸಲು 1980ರಲ್ಲಿ ಸ್ಥಾಪಿಸಿದ ನಿಗಮ ತೈಲದರ ಕುಸಿದೊಡನೆ ಅರ್ಥ ಕಳೆದುಕೊಂಡು ಕೆಲವೇ ವರ್ಷಗಳಲ್ಲಿ ಮುಚ್ಚಿತು. ಬೆಲೆ ಮುಕ್ತಗೊಳಿಸಿದ ಜೊತೆಯಲ್ಲೇ ತೈಲ ಕಂಪೆನಿಗಳ ಮೇಲೆ ವಿಧಿಸಿದ ಅನಿರೀಕ್ಷಿತ ಲಾಭ ತೆರಿಗೆ ನಿರೀಕ್ಷಿಸಿದಷ್ಟು ಆದಾಯ ತರಲಿಲ್ಲ, 1988ರಲ್ಲಿ ರದ್ದಾಯಿತು. ಆದರೆ ಆ ತೆರಿಗೆಯಿಲ್ಲದೆ ಬೆಲೆ ಮುಕ್ತಗೊಳಿಸುವುದಕ್ಕೆ ಅಂದಿನ ಜನಾಭಿಪ್ರಾಯವನ್ನು ಒಪ್ಪಿಸುವುದು ಕಷ್ಟಸಾಧ್ಯವಾಗಿತ್ತು.

ಹಣದುಬ್ಬರದ ಪ್ರಶ್ನೆ ಮೂರನೆಯದು. ಬಡ್ಡಿದರ ಶೇಕಡ 20ನ್ನು ಮುಟ್ಟಿದಾಗ ಯಾವ ವ್ಯಾಪಾರಿಯೂ ಸಮಾಧಾನದಿಂದಿರಲಾರ. ಆದರೆ ಆ ಹಣದುಬ್ಬರವನ್ನು ಮಣಿಸಿದ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಪಾಲ್ ವೋಲ್ಕರ್ ಅವರನ್ನು 1979ರಲ್ಲಿ ನೇಮಿಸಿದವರು ಕಾರ್ಟರ್ ಅವರೇ. ವಿಮಾನಯಾನ (1978), ಲಾರಿ ಸಾಗಣೆ (1980), ರೈಲು ಸಾಗಣೆ (1980) ಈ ಮೂರನ್ನೂ ದರ ನಿಯಂತ್ರಣದ ಬಿಗಿಹಿಡಿತದಿಂದ ಬಿಡಿಸಿದ ಕಾಯ್ದೆಗಳಿಗೆ ಅಂಕಿತ ಹಾಕಿದವರೂ ಅವರೇ. ನೋವು ಅವರ ಕಾಲಕ್ಕೆ ಬಿದ್ದಿತು. ಅದರ ಫಲ ಉತ್ತರಾಧಿಕಾರಿಯ ಕಾಲಕ್ಕೆ ಬಂದಿತು.

ಭಾರತದ ಮಟ್ಟಿಗೆ ಹೇಳುವುದಾದರೆ, ಕಾರ್ಟರ್ ಅಂಕಿತ ಹಾಕಿದ 1978ರ ಅಣುಪ್ರಸರಣ ತಡೆ ಕಾಯ್ದೆ ತಾರಾಪುರ ಸ್ಥಾವರದ ಇಂಧನ ಸರಬರಾಜಿಗೆ ತೊಡಕಾಗಿ ಪರಿಣಮಿಸಿತು ಎಂಬುದನ್ನು ಮರೆಯಲಾಗದು. 1980ರಲ್ಲಿ ಅವರು ಸರಬರಾಜಿಗೆ ಅನುಮತಿ ನೀಡಿದಾಗ ಸೆನೆಟ್ 48–46 ಮತಗಳಿಂದ, ಅಂದರೆ ಕೂದಲೆಳೆಯ ಅಂತರದಿಂದ, ಅದನ್ನು ಉಳಿಸಿತು. ಒಬ್ಬ ಅಭ್ಯರ್ಥಿಯನ್ನು ಬೆಂಬಲಿಸುವುದೆಂದರೆ ಆತನ ಎಲ್ಲ ನಿರ್ಧಾರಗಳಿಗೂ ತಲೆಯಾಡಿಸುವುದಲ್ಲ.

ಕಾಲ ಕೊಟ್ಟ ತೀರ್ಪು

ರೇಗನ್ ಅವರು ಇಂಧನ ಇಲಾಖೆಯನ್ನೇ ರದ್ದುಪಡಿಸುವುದಾಗಿ ಪ್ರಚಾರ ಮಾಡಿದ್ದರು. ಇಲಾಖೆ ಇಂದಿಗೂ ಉಳಿದಿದೆ. 1981ರ ಜನವರಿ 28ರಂದು ತೈಲದ ಬೆಲೆ ನಿಯಂತ್ರಣವನ್ನು ಒಂದೇ ಏಟಿಗೆ ತೆಗೆದ ಕೀರ್ತಿ ಅವರಿಗೆ ಸಂದಿತು. ಆದರೆ ಅವರು ತೆಗೆದದ್ದು ಕಾರ್ಟರ್ ಆದೇಶದಂತೆ ಎಂಟು ತಿಂಗಳಲ್ಲಿ ತಾನಾಗಿಯೇ ಮುಗಿಯಲಿದ್ದ ನಿಯಂತ್ರಣದ ಉಳಿಕೆಯನ್ನು. 1982ರ ವೇಳೆಗೆ ಅಮೆರಿಕದ ನಿವ್ವಳ ತೈಲ ಆಮದು 1977ರ ಪ್ರಮಾಣದ ಸುಮಾರು ಅರ್ಧಕ್ಕೆ ಇಳಿದಿತ್ತು. ಆರ್ಥಿಕ ಹಿಂಜರಿತ, ಅಲಾಸ್ಕದ ಹೊಸ ತೈಲ, ಏರಿದ ದರ ಇವೆಲ್ಲ ಇದಕ್ಕೆ ಕಾರಣಗಳು. ಆದರೆ ಏರಿದ ದರವನ್ನು ಬಳಕೆದಾರನಿಂದ ಮರೆಮಾಚದೆ, ಮಿತವ್ಯಯಕ್ಕೆ ಪ್ರೇರೇಪಿಸಿದ ನೀತಿಯ ಪಾಲೂ ಅದರಲ್ಲಿ ಸಣ್ಣದಲ್ಲ. ಕಠಿಣ ಶಿಲಾಪದರಗಳಿಂದ ಅನಿಲ ತೆಗೆಯುವವರಿಗೆ 1980ರ ತೆರಿಗೆ ಕಾಯ್ದೆಯಲ್ಲೇ ಸೇರಿಸಿದ ರಿಯಾಯಿತಿ ದಶಕಗಳ ನಂತರದ ಅನಿಲ ಸಮೃದ್ಧಿಗೆ ನೆರವಾದ ಅಂಶಗಳಲ್ಲೊಂದು.

1979ರ ಜೂನ್ 20ರಂದು ಶ್ವೇತಭವನದ ಛಾವಣಿಯ ಮೇಲೆ ನೀರು ಕಾಯಿಸುವ 32 ಸೌರಫಲಕಗಳನ್ನು ಅನಾವರಣಗೊಳಿಸಿದಾಗ, ಮುಂದಿನ ಪೀಳಿಗೆಗೆ ಇವು ವಸ್ತುಸಂಗ್ರಹಾಲಯದ ಕುತೂಹಲವಾಗಬಹುದು ಅಥವಾ ಮಹಾಸಾಹಸವೊಂದರ ಆರಂಭವೂ ಆಗಬಹುದು ಎಂಬ ಅರ್ಥದ ಮಾತನ್ನು ಕಾರ್ಟರ್ ಆಡಿದ್ದರು. 1986ರಲ್ಲಿ ಛಾವಣಿಯ ದುರಸ್ತಿಯ ವೇಳೆ ತೆಗೆದ ಫಲಕಗಳನ್ನು ಮತ್ತೆ ಕೂರಿಸಲಿಲ್ಲ. ಅವುಗಳಲ್ಲೊಂದು ಇಂದು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಆದರೆ 1977ರಲ್ಲಿ ಕೊಲೊರಾಡೊದಲ್ಲಿ ಕಾರ್ಯಾರಂಭ ಮಾಡಿದ ಸೌರಶಕ್ತಿ ಸಂಶೋಧನಾ ಸಂಸ್ಥೆ ಅನುದಾನ ಕಡಿತವನ್ನು ತಾಳಿಕೊಂಡು 1991ರಲ್ಲಿ ರಾಷ್ಟ್ರೀಯ ಪ್ರಯೋಗಾಲಯದ ಸ್ಥಾನ ಪಡೆಯಿತು. ಛಾವಣಿಯ ಫಲಕವನ್ನು ಕಿತ್ತುಹಾಕುವುದು ಸುಲಭ. ಸಂಸ್ಥೆಯನ್ನು ಕಿತ್ತುಹಾಕುವುದು ಅಷ್ಟು ಸುಲಭವಲ್ಲ.

ಲಂಚ ತಡೆ ಕಾಯ್ದೆಯ ಕಥೆಯೂ ಇಂಥದೇ. ಇದರಿಂದ ಅಮೆರಿಕದ ಕಂಪೆನಿಗಳು ವಿದೇಶಿ ಗುತ್ತಿಗೆಗಳನ್ನು ಕಳೆದುಕೊಳ್ಳುತ್ತವೆ ಎಂಬುದು ಉದ್ಯಮದ ದೊಡ್ಡ ದೂರಾಗಿತ್ತು. ಅದರಲ್ಲಿ ಸತ್ಯಾಂಶವಿತ್ತು, ವಿದೇಶದಲ್ಲಿ ಕೊಟ್ಟ ಲಂಚವನ್ನು ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸಲು ಜರ್ಮನಿಯಂಥ ದೇಶಗಳಲ್ಲಿ 1990ರ ದಶಕದ ಕೊನೆಯವರೆಗೂ ಅವಕಾಶವಿತ್ತು. ಪರಿಹಾರವಾಗಿ ಅಮೆರಿಕ ತನ್ನ ಕಾಯ್ದೆಯನ್ನು ಕೈಬಿಡಲಿಲ್ಲ. ಇತರರನ್ನೂ ಅದೇ ಮಟ್ಟಕ್ಕೆ ತರಲು ಒತ್ತಾಯಿಸಿತು. 1997ರಲ್ಲಿ ಅಂಗೀಕೃತವಾಗಿ 1999ರಲ್ಲಿ ಜಾರಿಗೆ ಬಂದ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ ಲಂಚ ವಿರೋಧಿ ಒಡಂಬಡಿಕೆ ಅದರ ಫಲ. 2008ರ ಡಿಸೆಂಬರ್‌ನಲ್ಲಿ ಜರ್ಮನಿಯ ಸೀಮೆನ್ಸ್ ಕಂಪೆನಿ ಅಮೆರಿಕದ ಅಧಿಕಾರಿಗಳಿಗೇ 80 ಕೋಟಿ ಡಾಲರ್ ತೆರುವಂತಾದಾಗ ಕಾಯ್ದೆಯ ಕೈ ಎಷ್ಟು ಉದ್ದವೆಂಬುದು ಪ್ರಪಂಚಕ್ಕೆ ತಿಳಿಯಿತು.

ಕರ್ನಾಟಕದ ಉದ್ಯಮಕ್ಕೆ ಸಂಬಂಧವೇನು?

ಈ ಶಾಸನಗಳು ದೂರದ ದೇಶದ ಹಳೆಯ ಸಂಗತಿಗಳೆಂದು ಭಾವಿಸುವಂತಿಲ್ಲ. 1999ರ ಮಾರ್ಚ್‌ನಲ್ಲಿ ಇನ್ಫೋಸಿಸ್ ನ್ಯಾಸ್‌ಡ್ಯಾಕ್ ಷೇರುಪೇಟೆಯಲ್ಲೂ, 2000ದ ಅಕ್ಟೋಬರ್‌ನಲ್ಲಿ ವಿಪ್ರೊ ನ್ಯೂಯಾರ್ಕ್ ಷೇರುಪೇಟೆಯಲ್ಲೂ ನೋಂದಾಯಿತವಾದಾಗ, ಬೆಂಗಳೂರಿನಲ್ಲಿ ಬರೆಯುವ ಲೆಕ್ಕಪತ್ರಗಳಿಗೂ 1977ರ ಕಾಯ್ದೆ ಅನ್ವಯವಾಯಿತು. ಅಮೆರಿಕದ ಕಂಪೆನಿಗಳಿಗೆ ಬಿಡಿಭಾಗ ಅಥವಾ ಸೇವೆ ಒದಗಿಸುವ ಸಣ್ಣ ಸಂಸ್ಥೆಗಳೂ ಲಂಚ ವಿರೋಧಿ ಷರತ್ತುಗಳುಳ್ಳ ಕರಾರಿಗೆ ಸಹಿ ಹಾಕುವುದು ಸಾಮಾನ್ಯವಾಗಿದೆ. ಭಾರತದ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯೂ ಲಂಚ ಕೊಡುವ ವಾಣಿಜ್ಯ ಸಂಸ್ಥೆಗಳನ್ನು ಹೊಣೆಯಾಗಿಸಿ, ಲಂಚ ತಡೆಯಲು ಸಮರ್ಪಕ ಕ್ರಮಗಳನ್ನು ಕೈಗೊಂಡಿದ್ದೆವೆಂದು ಸಾಬೀತುಪಡಿಸುವ ಅವಕಾಶ ನೀಡಿದೆ.

ವಿದ್ಯುತ್ ಕ್ಷೇತ್ರದಲ್ಲಿಯೂ ಹೋಲಿಕೆ ಕಾಣಬಹುದು. ಭಾರತದ 2003ರ ವಿದ್ಯುತ್ ಕಾಯ್ದೆ ಅಮೆರಿಕದ 1978ರ ಕಾಯ್ದೆಯ ನಕಲಲ್ಲ. ಆದರೂ ನವೀಕರಿಸಬಹುದಾದ ಮೂಲಗಳಿಂದ ಇಂತಿಷ್ಟು ವಿದ್ಯುತ್ ಕೊಳ್ಳಲೇಬೇಕೆಂದು ನಿಗದಿಪಡಿಸುವ ಅಧಿಕಾರವನ್ನು ಅದು ರಾಜ್ಯ ಆಯೋಗಗಳಿಗೆ ಕೊಟ್ಟಿದೆ. ಚಿತ್ರದುರ್ಗ, ಗದಗ ಜಿಲ್ಲೆಗಳಲ್ಲಿ ಗಾಳಿಯಂತ್ರ ನಿಲ್ಲಿಸಿದ ಉದ್ಯಮಿಗೆ, ಖರೀದಿದಾರ ಒಬ್ಬನೇ ಇರುವ ಮಾರುಕಟ್ಟೆಯಲ್ಲಿ ಕಾನೂನಿನ ಆಸರೆ ಎಷ್ಟು ಅಗತ್ಯವೆಂದು ವಿವರಿಸಿ ಹೇಳಬೇಕಾಗಿಲ್ಲ.

ಸುಧಾರಣೆಗೂ ಕಾವಲು ಬೇಕು

ಸಂಸ್ಥೆಗಳು ಒಮ್ಮೆ ಸ್ಥಾಪಿತವಾದರೆ ಶಾಶ್ವತವೆಂಬ ನಂಬಿಕೆಯೂ ಅಪಾಯಕರ. ಸರ್ಕಾರಿ ನೀತಿ ಕಾಯ್ದೆಯ ವಿಶೇಷ ತನಿಖಾ ವಕೀಲರ ವಿಧಿ ಎರಡೂ ಪಕ್ಷಗಳ ಅಸಮಾಧಾನಕ್ಕೆ ಗುರಿಯಾಗಿ 1999ರಲ್ಲಿ ಕೊನೆಗೊಂಡಿತು. 2025ರ ಜನವರಿಯಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸುಮಾರು 17 ಇನ್‌ಸ್ಪೆಕ್ಟರ್ ಜನರಲ್‌ಗಳನ್ನು ಏಕಕಾಲಕ್ಕೆ ವಜಾ ಮಾಡಿದರು. ಫೆಬ್ರವರಿ 10ರಂದು, ಅಮೆರಿಕದ ಕಂಪೆನಿಗಳ ಸ್ಪರ್ಧಾಶಕ್ತಿಗೆ ಧಕ್ಕೆಯಾಗುತ್ತಿದೆ ಎಂಬ ಕಾರಣ ನೀಡಿ ವಿದೇಶಿ ಭ್ರಷ್ಟ ವ್ಯವಹಾರ ತಡೆ ಕಾಯ್ದೆಯ ಜಾರಿಯನ್ನು 180 ದಿನ ತಡೆಹಿಡಿಯುವ ಆದೇಶ ಹೊರಡಿಸಿದರು. ಜೂನ್‌ನಲ್ಲಿ ನ್ಯಾಯ ಇಲಾಖೆ ಹೊಸ ಮಾರ್ಗಸೂಚಿ ಪ್ರಕಟಿಸಿತು. ಕಾಯ್ದೆ ರದ್ದಾಗಿಲ್ಲ, ನಿಜ. ಆದರೆ 1977ರಲ್ಲಿ ಮಂಡಿಸಲಾಗಿದ್ದ ಸ್ಪರ್ಧಾಶಕ್ತಿಯ ವಾದವೇ ಅರ್ಧ ಶತಮಾನದ ನಂತರ ಮತ್ತೆ ಕೇಳಿಬಂದಿರುವುದನ್ನು ವರ್ತಕ ಸಮುದಾಯ ಗಮನಿಸಬೇಕು. ಲಂಚವಿಲ್ಲದೆ ಗುತ್ತಿಗೆ ಗೆಲ್ಲಲಾಗದೆಂಬ ವಾದವನ್ನು ಒಪ್ಪಿಕೊಂಡ ದಿನ, ಸರಕಿನ ಗುಣಮಟ್ಟವನ್ನೇ ನಂಬಿದ ಉದ್ಯಮಿ ಅಂಗಡಿ ಮುಚ್ಚಬೇಕಾಗುತ್ತದೆ.

ಕಾರ್ಟರ್ ಸೋತದ್ದು ಇಂಧನದ ನಿಜವಾದ ಬೆಲೆಯನ್ನು ಜನರಿಗೆ ತಿಳಿಸಿದ್ದರಿಂದ ಮಾತ್ರವಲ್ಲ. ಆದರೆ ಅದೂ ಒಂದು ಕಾರಣ. ಅಗ್ಗದ ಇಂಧನದ ಭರವಸೆ ನೀಡುವ ಅಭ್ಯರ್ಥಿ ಎಲ್ಲ ದೇಶಗಳಲ್ಲೂ ಎಲ್ಲ ಕಾಲದಲ್ಲೂ ದೊರೆಯುತ್ತಾನೆ. ಆ ಅಗ್ಗದ ದರದ ಬಾಕಿಯನ್ನು ಕೊನೆಗೆ ಯಾರು ತೀರಿಸುತ್ತಾರೆ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸಿಗುವುದಿಲ್ಲ. ಸಾಲ ಕೊಡುವ ಮುನ್ನ ಗಿರಾಕಿಯ ಹಿಂದಿನ ವ್ಯವಹಾರವನ್ನು ವಿಚಾರಿಸುವುದು ಪೇಟೆಯ ಹಳೆಯ ಪದ್ಧತಿ. ಮತ ಕೊಡುವ ಮುನ್ನವೂ ಅದೇ ವಿಚಾರಣೆ ನಡೆಯಬೇಕು. ಅಧಿಕಾರವಿದ್ದಾಗ ಈ ವ್ಯಕ್ತಿ ಕಟ್ಟಿದ್ದೇನು? ತನ್ನ ಪಕ್ಷಕ್ಕೂ ತನಗೂ ಅಹಿತವಾದ ಸತ್ಯವನ್ನು ಎಂದಾದರೂ ನುಡಿದನೇ? ಇತರರಿಗೆ ಹಾಕಿದ ಕಟ್ಟುಪಾಡಿಗೆ ತಾನೂ ಒಳಗಾದನೇ? 1980ರಲ್ಲಿ ಈ ಮೂರು ಪ್ರಶ್ನೆಗಳನ್ನು ಕೇಳಿದ್ದ ವರ್ತಕನಿಗೆ ಪ್ಲೇನ್ಸ್ ಊರಿನ ಕಡಲೆಕಾಯಿ ವ್ಯಾಪಾರಿಯ ಲೆಕ್ಕದಲ್ಲಿ ಬರಬೇಕಾದ ಬಾಕಿಗಿಂತ ಸಂದಾಯವೇ ಹೆಚ್ಚಾಗಿ ಕಾಣುತ್ತಿತ್ತು. ಮುಂಬರುವ ಯಾವುದೇ ಚುನಾವಣೆಯಲ್ಲಿ, ಯಾವುದೇ ಪಕ್ಷದ ಅಭ್ಯರ್ಥಿಗೂ ಇದೇ ಪ್ರಶ್ನೆಗಳನ್ನು ಒಡ್ಡುವುದು ವಾಣಿಜ್ಯ ಸಮುದಾಯದ ಹಕ್ಕು. ಅದಕ್ಕಿಂತ ಹೆಚ್ಚಾಗಿ, ಕರ್ತವ್ಯ.